ಕೊನೆಯ ಊರಿಗೆ ಅಡ್ಡಗೆರೆ

ಆ ಹಾಳೆಯಲ್ಲಿ ಮೂವತ್ತೊಂದು ಊರುಗಳಿದ್ದವು. ಮೇಲಿನಿಂದ ಸಾಲು ಸಾಲಾಗಿ ಅಂಕಿಗಳನ್ನು ಒತ್ತುತ್ತಾ ಬಂದು ಪುಟದ ಕೊನೆಯ ಅಂಕಿ ಮುಗಿಸಿದಾಗ, ನನ್ನ ಪರದೆಯಲ್ಲಿ ಒಂದು ಊರು ಖಾಲಿ ಉಳಿದಿತ್ತು. ಪುಟದಲ್ಲಿ ಅಂಕಿ ಮುಗಿದಿತ್ತು, ನನ್ನಲ್ಲಿ ಊರು ಮುಗಿದಿರಲಿಲ್ಲ. ಊಟದ ಬಿಡುವಿಗೆ ಹತ್ತು ನಿಮಿಷ ಇತ್ತು. ಏಸಿಯ ಗಾಳಿ ನೇರ ಕುತ್ತಿಗೆಗೆ ಬೀಳುವ ಜಾಗ ನನ್ನದು. ಆದರೂ ಬೆನ್ನು ಬೆವರಿತು.

ನಮ್ಮ ಕೆಲಸ ಏನೆಂದು ಮೊದಲು ಹೇಳಬೇಕು. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ. ಹಳೆಯ ಕೈಬರಹದ ದಾಖಲೆಗಳ ಚಿತ್ರ ನೋಡಿ ಕಂಪ್ಯೂಟರಿಗೆ ಹತ್ತಿಸುವುದು ಕೆಲಸ. ಆ ವರ್ಷ ಬಂದದ್ದು ಅಮೆರಿಕದ ಮತದ ಪಟ್ಟಿಗಳು. ಆ ದೇಶ ಆಗಷ್ಟೇ ಸ್ವತಂತ್ರವಾಗಿದ್ದ ಕಾಲದಲ್ಲಿ ಅಲ್ಲಿನ ಒಂದೊಂದು ರಾಜ್ಯದ ಶಾಸನಸಭೆಗೆ ಚುನಾವಣೆ ನಡೆದಾಗ, ಪ್ರತಿ ಊರಿನವರೂ ಒಂದೆಡೆ ಸಭೆ ಸೇರಿ ಮತ ಹಾಕುತ್ತಿದ್ದರಂತೆ. ಊರಿನ ಗುಮಾಸ್ತ ಎಣಿಸಿ, ಬರೆದು, ಮೊಹರು ಹಾಕಿ ಮೇಲಕ್ಕೆ ಕಳಿಸುತ್ತಿದ್ದ. ಅಲ್ಲಿ ಎಲ್ಲ ಊರುಗಳನ್ನೂ ಒಂದು ಹಾಳೆಗೆ ಏರಿಸುತ್ತಿದ್ದರು. ಎಡಕ್ಕೆ ಊರುಗಳು, ಮೇಲೆ ಅಭ್ಯರ್ಥಿಗಳ ಹೆಸರು, ನಡುವೆ ಅಂಕಿಗಳು. ನಮ್ಮ ಪರದೆಯಲ್ಲಿ ಊರುಗಳ ಪಟ್ಟಿ ಮೊದಲೇ ಸಿದ್ಧವಿರುತ್ತಿತ್ತು. ಅಭ್ಯರ್ಥಿಯ ಹೆಸರು ಮತ್ತು ಅಂಕಿ ನಾವು ತುಂಬಬೇಕು.

ಒಂದೇ ಹಾಳೆಯನ್ನು ಇಬ್ಬರು ಬೇರೆ ಬೇರೆ ತುಂಬುವುದು ಪದ್ಧತಿ. ಒಬ್ಬರದ್ದು ಇನ್ನೊಬ್ಬರು ನೋಡಬಾರದು. ಆಮೇಲೆ ಯಂತ್ರ ಎರಡನ್ನೂ ಹೋಲಿಸುತ್ತದೆ. ವ್ಯತ್ಯಾಸ ಬಂದ ಕಡೆ ತಿರುವನಂತಪುರದ ಮುಖ್ಯ ಕಚೇರಿಯ ಪರಿಶೀಲಕರು ಮೂಲ ನೋಡಿ ತೀರ್ಮಾನಿಸುತ್ತಾರೆ. ವ್ಯತ್ಯಾಸ ಬಾರದಿದ್ದರೆ ಯಾರೂ ನೋಡುವುದಿಲ್ಲ. ಇಬ್ಬರು ಒಂದೇ ಕಡೆ ಒಂದೇ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಕೆಲಸ ನಿಂತಿತ್ತು.

ಯಾರ ಜೋಡಿ ಯಾರು ಎಂಬುದು ನಮಗೆ ತಿಳಿಯಬಾರದು. ಯಂತ್ರ ಹಂಚುತ್ತಿತ್ತು. ನನ್ನ ತಂಗಿಯೂ ಅಲ್ಲೇ ಕೆಲಸಕ್ಕಿದ್ದಳು. ಒಂದು ಸಂಜೆ ವೈಟ್ಟಿಲದ ಮನೆಗೆ ಹೋಗುವ ಬಸ್ಸಿನಲ್ಲಿ ಅವಳು, ಇವತ್ತಿನ ಒಂದು ಹಾಳೆಯ ಅಂಚಿನಲ್ಲಿ ಯಾರೋ ಗುಮಾಸ್ತ ಕೋಳಿಯ ಚಿತ್ರ ಬರೆದಿದ್ದಾನೆ ಎಂದಳು. ನಾನು ಆ ಕೋಳಿಗೆ ಒಂದೇ ಕಾಲು ಎಂದೆ. ಅವಳು ನನ್ನ ಮುಖ ನೋಡಿದಳು.

"ಅಣ್ಣ, ಆ ಕೋಳಿ ನಿನಗೂ ಬಂದದ್ದಾ?"

ಅಂದೇ ನಮ್ಮ ಮಹಡಿಯ ಮುಖ್ಯಸ್ಥರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ನಾನು ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಎಂಟನೆಯವರೆಗೆ ಓದಿದವನು. ತಂಗಿ ಡಿಗ್ರಿ ಮಾಡಿದವಳು. ಅಂಕಿ ಒತ್ತುವುದರಲ್ಲಿ ನನ್ನಷ್ಟು ಬೇಗ ಆ ಮಹಡಿಯಲ್ಲಿ ಯಾರೂ ಇರಲಿಲ್ಲ. ಆದರೆ ಕೂಡಿಸಿ ಬರೆದ ಇಂಗ್ಲಿಷ್ ಕೈಬರಹ ನನಗೆ ಓದಲು ಬರುತ್ತಿರಲಿಲ್ಲ. ಅದು ನನಗೆ ಎಳೆದ ನೂಲಿನ ಹಾಗೆ ಕಾಣುತ್ತಿತ್ತು. ಅಭ್ಯರ್ಥಿಗಳ ಹೆಸರಿನಲ್ಲಿ ನನ್ನ ವ್ಯತ್ಯಾಸಗಳು ಏರುತ್ತಿದ್ದವು. ಮುಖ್ಯಸ್ಥರು ಎರಡು ಸಲ ಕರೆದು ಎಚ್ಚರಿಸಿದ್ದರು, ಮೂರನೆಯ ಸಲ ಎಚ್ಚರಿಕೆ ಇರುವುದಿಲ್ಲ ಎಂದಿದ್ದರು. ತಂಗಿಗೆ ಹೆಸರುಗಳು ನೀರು ಕುಡಿದ ಹಾಗೆ. ಮಾಸಿದ ಶಾಯಿಯ ಅಂಕಿಗಳಲ್ಲಿ ಮಾತ್ರ ಅವಳು ತಡವರಿಸುತ್ತಿದ್ದಳು. ಅವಳನ್ನು ತಿರುವನಂತಪುರಕ್ಕೆ ಪರಿಶೀಲಕಿಯಾಗಿ ತೆಗೆದುಕೊಳ್ಳುವ ಮಾತು ನಡೆದಿತ್ತು. ಖಾಯಂ ಕೆಲಸ. ಅದಕ್ಕೆ ಮೂರು ತಿಂಗಳು ಅವಳ ವ್ಯತ್ಯಾಸಗಳು ಕಡಿಮೆ ಇರಬೇಕಿತ್ತು.

ಹಾಗಾಗಿ ಇಬ್ಬರಿಗೂ ಬಂದ ಹಾಳೆಗಳನ್ನು ಹಂಚಿಕೊಂಡೆವು. ಅಂಕಿ ನನ್ನದು, ಹೆಸರು ಅವಳದು. ನಾನು ದಿನದ ಕ್ಯಾಲೆಂಡರಿನಿಂದ ಹರಿದ ಹಾಳೆಯ ಹಿಂಬದಿಗೆ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಬರೆದು, ಮಡಚಿ, ನಮ್ಮಿಬ್ಬರ ಬುತ್ತಿಯ ಮುಚ್ಚಳದೊಳಗೆ ಇಡುತ್ತಿದ್ದೆ. ಅವಳು ಹೆಸರುಗಳ ಚೀಟಿಯನ್ನು ಅಲ್ಲೇ ಇಟ್ಟು ನನ್ನದನ್ನು ತೆಗೆದುಕೊಳ್ಳುತ್ತಿದ್ದಳು. ನಾನು ಬರೆಯುತ್ತಿದ್ದದ್ದು ಕನ್ನಡ ಅಂಕಿಗಳಲ್ಲಿ. ೧, ೨, ೩. ನಮ್ಮ ಮೇಷ್ಟರು ಬೆತ್ತ ಹಿಡಿದು ಕಲಿಸಿದ ಅಂಕಿಗಳು. ಆ ಕಚೇರಿಯಲ್ಲಿ ನಾವಿಬ್ಬರಲ್ಲದೆ ಓದುವವರು ಯಾರೂ ಇರಲಿಲ್ಲ. ಮೇಜಿನ ಮೇಲೆ ಕಾಗದ ಇಡಬಾರದು ಎಂಬ ನಿಯಮ ಇತ್ತು. ಆದರೆ ಗುಂಡಗುಂಡಗಿನ ಗುರುತುಗಳಿದ್ದ ಕ್ಯಾಲೆಂಡರ್ ಹಾಳೆ ನೋಡಿ ಯಾರಿಗೂ ಏನೂ ಅನಿಸುತ್ತಿರಲಿಲ್ಲ.

ಈಗ ಆ ಹತ್ತು ನಿಮಿಷಕ್ಕೆ ಬರುತ್ತೇನೆ.

ಊರಿನ ಹೆಸರು ಓದಲು ಬಾರದ್ದರಿಂದ ನಾನು ಅಂಕಿಗಳ ಸಾಲನ್ನಷ್ಟೇ ನೋಡಿ ಕೆಳಗಿಳಿಯುತ್ತಿದ್ದೆ. ಅಂದಿನ ಹಾಳೆಯಲ್ಲಿ ಹನ್ನೆರಡನೆಯ ಊರಿನ ಮುಂದೆ ಅಂಕಿ ಇರಲಿಲ್ಲ. ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ನನ್ನ ಕಣ್ಣು ಅದನ್ನು ಹಾರಿ ಕೆಳಗಿನ ಅಂಕಿಗೆ ಹೋಯಿತು. ಹದಿಮೂರನೆಯ ಊರಿನ ಮತ ಹನ್ನೆರಡನೆಯದಕ್ಕೆ ಬಿತ್ತು, ಹದಿನಾಲ್ಕರದ್ದು ಹದಿಮೂರಕ್ಕೆ. ಹೀಗೆ ಕೊನೆಯವರೆಗೂ ಒಂದೊಂದು ಮನೆ ಮೇಲೆ. ಕೆಳಗಿನ ಮೊತ್ತ ಸರಿಯಾಗಿ ಹೊಂದಿತು. ಹಸಿರು ಗುರುತು ಬಂತು. ಯಾವ ಊರಿನದ್ದು ಯಾವ ಊರಿಗೆ ಹೋದರೂ ಮೊತ್ತಕ್ಕೆ ಗೊತ್ತಾಗುವುದಿಲ್ಲ.

ಖಾಲಿ ಸಾಲು ಇದ್ದರೆ ಹಾಳೆ ಮುಂದೆ ಹೋಗುವುದಿಲ್ಲ. ಅಂಕಿ ತುಂಬಬೇಕು, ಇಲ್ಲವೇ ‘ವರದಿ ಬಂದಿಲ್ಲ’ ಎಂಬ ಗುರುತು ಹಾಕಬೇಕು. ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕೊನೆಯ ಊರಿನ ಮುಂದೆ ಹತ್ತೊಂಬತ್ತು ಎಂದು ಸ್ಪಷ್ಟವಾಗಿ ಬರೆದಿತ್ತು. ಆ ಹತ್ತೊಂಬತ್ತನ್ನು ನಾನು ಮೇಲಿನ ಊರಿಗೆ ಕೊಟ್ಟಾಗಿತ್ತು. ಗೊತ್ತಾಗಲಿಲ್ಲ ಎಂದು ಹೇಳುವ ಹಾಗಿಲ್ಲ. ಗೊತ್ತಾಯಿತು. ಇಪ್ಪತ್ತು ಸಾಲು ಅಳಿಸಿ ಮತ್ತೆ ತುಂಬಬೇಕು, ಚೀಟಿಯನ್ನೂ ಬೇರೆ ಬರೆಯಬೇಕು. ಹಿಂದೆ ಮುಖ್ಯಸ್ಥರ ಕುರ್ಚಿಯ ಚಕ್ರದ ಸದ್ದು ಕೇಳಿತು. ಆ ಸದ್ದಿಗೆ ನಾನು ಕೊನೆಯ ಊರಿಗೆ ‘ವರದಿ ಬಂದಿಲ್ಲ’ ಒತ್ತಿದೆ. ಚೀಟಿಯಲ್ಲಿ ಅಲ್ಲಿಗೆ ಒಂದು ಅಡ್ಡಗೆರೆ ಎಳೆದೆ.

ಊಟದ ಮೇಜಿನಲ್ಲಿ ತಂಗಿ ಚೀಟಿ ಬಿಡಿಸಿದಳು.

"ಕೊನೆಯದಕ್ಕೆ ಅಡ್ಡಗೆರೆ ಎಂತಕ್ಕೆ?"

"ಆ ಊರಿಂದ ಬರಲಿಲ್ಲ."

"ಸರೀ ನೋಡಿದ್ದೀಯಾ?"

"ನೋಡಿದ್ದೇನೆ ಮಾರಾಯ್ತಿ. ನೀನು ಮೊದಲು ಆ ಅವಿಯಲ್ ಮುಗಿಸು."

"ಆಯ್ತು ಶಾನುಭೋಗರೇ," ಎಂದು ನಕ್ಕು ಚೀಟಿಯನ್ನು ಮಡಚಿಟ್ಟುಕೊಂಡಳು. ಮಧ್ಯಾಹ್ನ ಅದರಂತೆಯೇ ತುಂಬಿದಳು. ಯಂತ್ರ ಹೋಲಿಸಿತು. ವ್ಯತ್ಯಾಸ ಸೊನ್ನೆ.

ಆ ದಿನ ಇನ್ನೊಂದು ಸಂಗತಿ ಆಯಿತು. ಕೆಲಸ ಮುಗಿದ ಮೇಲೆ ಅವಳು ಚೀಟಿಯನ್ನು ವಾಡಿಕೆಯಂತೆ ಮುಚ್ಚಳದೊಳಗೇ ಇಟ್ಟಳು, ನಾವು ಮುಚ್ಚಳವನ್ನು ಊಟದ ಕೋಣೆಯಲ್ಲೇ ಮರೆತು ಬಂದೆವು. ಮರುದಿನ, ಎಲ್ಲರೂ ಚೇಟ್ಟನ್, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಬಾಗಿಲಿನ ಗಾರ್ಡ್ ಮುಚ್ಚಳ ತೊಳೆದು ಕೊಟ್ಟರು. ಒಳಗಿದ್ದ ಕಾಗದ ಏನು ಎಂದು ಕೇಳಿದರು. ನನ್ನ ಬಾಯಿಗೆ ಬಂದದ್ದು, ಅದು ಕೊಲ್ಲೂರು ಮೂಕಾಂಬಿಕೆಯ ಮಂತ್ರ ಎಂದು. ಮೂಕಾಂಬಿಕೆಯ ಹೆಸರು ಕೇಳಿದ್ದೇ ಅವರು ಚಪ್ಪಲಿ ಬಿಟ್ಟು ಕಾಗದವನ್ನು ಕಣ್ಣಿಗೊತ್ತಿಕೊಂಡರು. ಮಗಳು ನರ್ಸಿಂಗ್ ಸೀಟಿಗೆ ಕಾಯುತ್ತಿದ್ದಾಳೆ, ಇದು ನನ್ನ ಹತ್ತಿರ ಇರಲಿ ಎಂದು ಗುರುತಿನ ಚೀಟಿಯ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡರು. ಕೇಳಿ ವಾಪಸು ತೆಗೆದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಪ್ರತಿದಿನ ಬೆಳಿಗ್ಗೆ ನನ್ನ ಬ್ಯಾಗು ನೋಡುವಾಗ ಆ ಕಾಗದ ಅವರ ಎದೆಯ ಮೇಲೆ ತೂಗುತ್ತಿತ್ತು.

ಎರಡು ತಿಂಗಳ ಮೇಲೆ ಇಮೇಲ್ ಬಂತು. ನಮ್ಮಿಬ್ಬರನ್ನೂ ತಿರುವನಂತಪುರಕ್ಕೆ ಕರೆದಿದ್ದರು. ತಂಗಿ ಅದನ್ನು ಪರಿಶೀಲಕಿಯ ಕೆಲಸದ ಕರೆ ಎಂದುಕೊಂಡಳು. ಅಣ್ಣನನ್ನು ಯಾಕೆ ಕರೆದರು ಎಂದು ಅವಳೇ ಕೇಳಿ, ಜಾಮೀನಿಗೆ ಇರಬೇಕು ಎಂದು ಅವಳೇ ಉತ್ತರ ಹೇಳಿಕೊಂಡಳು. ಹೊಸ ಚೂಡಿದಾರ್ ಹಾಕಿ, ಸರ್ಟಿಫಿಕೇಟುಗಳ ಫೈಲು ಹಿಡಿದು ಬಂದಳು. ಇಮೇಲಿನ ಕೊನೆಯಲ್ಲಿ ಹಾಳೆಗಳ ಒಂದು ಕಂತಿನ ನಂಬರ್ ಇತ್ತು. ಅವಳು ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ. ಅದು ಆ ಹಾಳೆಯ ಕಂತು. ವೈಟ್ಟಿಲದಿಂದ ತಿರುವನಂತಪುರ ತಲುಪುವವರೆಗೂ ಅವಳು ಕಿಟಕಿಗೆ ಒರಗಿ ನಿದ್ದೆ ಮಾಡಿದಳು. ನಾನು ಅಷ್ಟು ಹೊತ್ತೂ ಅವಳನ್ನು ಎಬ್ಬಿಸಿ ಹೇಳಬೇಕು ಎಂದುಕೊಳ್ಳುತ್ತಾ ಕುಳಿತಿದ್ದೆ. ಆಲಪ್ಪುಳ ದಾಟಿತು, ಕೊಲ್ಲಂ ದಾಟಿತು. ಪ್ರತಿ ನಿಲ್ದಾಣದಲ್ಲೂ ಮುಂದಿನ ನಿಲ್ದಾಣ ಎಂದುಕೊಂಡೆ.

ಮುಖ್ಯ ಕಚೇರಿಯಲ್ಲಿ ಮೇಜಿನ ಆ ಕಡೆ ವ್ಯವಸ್ಥಾಪಕರು, ಪಕ್ಕದಲ್ಲಿ ಹಿರಿಯ ಪರಿಶೀಲಕಿ. ಐವತ್ತು ದಾಟಿದ ಹೆಂಗಸು. ವ್ಯವಸ್ಥಾಪಕರು ಮಲಯಾಳಂನಲ್ಲಿ ವಿಷಯ ಹೇಳಿದರು. ಕೆಲಸ ಕೊಟ್ಟ ಕಡೆಯವರಿಗೆ ಅದೇ ಚುನಾವಣೆಯ ಫಲಿತಾಂಶ ಊರು ಊರಾಗಿ ಅಚ್ಚಾದ ಒಂದು ಹಳೆಯ ಪತ್ರಿಕೆ ಸಿಕ್ಕಿದೆ. ಹೋಲಿಸಿ ನೋಡಿದರೆ ಹನ್ನೆರಡನೆಯ ಊರಿನಿಂದ ಕೆಳಗೆ ಎಲ್ಲವೂ ಒಂದು ಸಾಲು ಜಾರಿದೆ. ಒಬ್ಬರು ಜಾರಿದರೆ ಸರಿ, ಇಬ್ಬರೂ ಅದೇ ಸಾಲಿನಲ್ಲಿ ಜಾರಲು ಸಾಧ್ಯವಿಲ್ಲ. ಒಬ್ಬರು ನಕಲು ಮಾಡಿದ್ದೀರಿ. ಯಾರು?

ಆಮೇಲೆ ಅವರು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. ನಮ್ಮ ಕ್ಯಾಲೆಂಡರ್ ಹಾಳೆ. ಕೊಚ್ಚಿಯ ಮುಖ್ಯಸ್ಥರು ವಿಚಾರಿಸಿದಾಗ ಗಾರ್ಡ್ ಚೇಟ್ಟನ್ ನಮ್ಮ ಒಳ್ಳೆಯತನಕ್ಕೆ ಸಾಕ್ಷಿ ಹೇಳಲು ಹೋಗಿ, ದೇವರ ಮಂತ್ರವನ್ನು ಬುತ್ತಿಯಲ್ಲಿ ಇಟ್ಟುಕೊಂಡು ಬರುವ ಮಕ್ಕಳು ಎಂದು ಅದನ್ನೇ ತೋರಿಸಿದ್ದರಂತೆ.

ಪರಿಶೀಲಕಿ ಕನ್ನಡಕ ಹಾಕಿಕೊಂಡು ಕಾಗದವನ್ನು ಹತ್ತಿರ ಹಿಡಿದರು. ಆಮೇಲೆ ಓದತೊಡಗಿದರು. ನಲವತ್ತೇಳು, ಅರವತ್ತೆರಡು, ಮೂವತ್ತು. ಮೈಸೂರಿನ ಕಡೆಯ ಕನ್ನಡ. ಗಂಡ ಬಾಹ್ಯಾಕಾಶ ಸಂಸ್ಥೆಯಲ್ಲಿದ್ದು ಇಲ್ಲಿಗೆ ವರ್ಗವಾಗಿ ಬಂದು ಎಷ್ಟೋ ವರ್ಷವಾಗಿದೆ ಎಂದು ನನಗೆ ತಿಳಿದದ್ದು ಆಮೇಲೆ. ಆಗ ನನಗೆ ಕಂಡದ್ದು ನಮ್ಮ ಗುಟ್ಟಿನ ಬಾಗಿಲು ತೆರೆದು ಒಳಗೆ ಬಂದ ಒಬ್ಬ ಹೆಂಗಸು.

"ಇದು ಮಂತ್ರ ಅಲ್ಲ," ಎಂದರು ಅವರು. "ಇದನ್ನ ಬರೆದದ್ದು ಯಾರು?"

ತಂಗಿಗೆ ಆಗ ಎಲ್ಲ ಅರ್ಥವಾಗಿರಬೇಕು. ಫೈಲನ್ನು ಮಡಿಲಿನಲ್ಲಿ ಮಗುಚಿ ಇಟ್ಟಳು.

"ನಾನು," ಎಂದಳು. "ಅಣ್ಣನ ಪರದೆ ನೋಡಿ ಬರಕೊಂಡೆ. ಅವನಿಗೆ ಗೊತ್ತಿಲ್ಲ."

"ಇದೊಂದೇ ಹಾಳೇನಾ?"

"ಒಂದೇ."

ಪರಿಶೀಲಕಿ ಅವಳನ್ನು ಬಿಟ್ಟು ನನ್ನನ್ನು ನೋಡಿದರು. ನಾನು ಮೇಜಿನ ಕಾಲಿನ ರಬ್ಬರ್ ಬೂಟನ್ನು ನೋಡುತ್ತಿದ್ದೆ. ಅದರಲ್ಲಿ ಒಂದು ಸೀಳು ಇತ್ತು. ಆ ಸೀಳು ಈಗಲೂ ನನ್ನ ಕಣ್ಣ ಮುಂದಿದೆ.

ತಂಗಿಯನ್ನು ಅಂದೇ ಕೆಲಸದಿಂದ ಬಿಡಿಸಿದರು. ನನಗೆ ಎಚ್ಚರಿಕೆ ಕೊಟ್ಟು, ಆ ಹಾಳೆಯನ್ನು ಮತ್ತೆ ತುಂಬಲು ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಅವಳು ನಿದ್ದೆ ಮಾಡಲಿಲ್ಲ. ಅಳಲೂ ಇಲ್ಲ. ನಿನಗೆ ಬೇರೆ ಎಲ್ಲಿ ಕೆಲಸ ಸಿಗ್ತದೆ, ನನಗಾದರೆ ಸಿಗ್ತದೆ, ಅಷ್ಟೇ ಲೆಕ್ಕ ಎಂದಳು. ಕರುನಾಗಪ್ಪಳ್ಳಿ ದಾಟಿದ ಮೇಲೆ ಕೇಳಿದಳು.

"ಆ ಕೊನೆಯ ಊರಿಗೆ ಅಂಕಿ ಉಂಟಾ ಇಲ್ವಾ, ನೀನು ಅವತ್ತು ನೋಡಿದ್ದೆಯಾ?"

"ಕಾಣಲಿಲ್ಲ," ಎಂದೆ. "ಶಾಯಿ ಮಾಸಿತ್ತು."

ಮೇಜಿನ ಮುಂದೆ ಸುಮ್ಮನಿದ್ದದ್ದಕ್ಕಿಂತ ಇದು ದೊಡ್ಡದು ಎಂದು ಈಗ ಅನಿಸುತ್ತದೆ. ಅಲ್ಲಿ ಹೆದರಿಸಲು ಮೇಜಿನ ಆ ಕಡೆ ಇಬ್ಬರು ಇದ್ದರು. ಬಸ್ಸಿನಲ್ಲಿ ನಾವಿಬ್ಬರೇ ಇದ್ದೆವು.

ಆಮೇಲಿನ ದಿನಗಳಲ್ಲಿ ನಾನು ಒಬ್ಬನೇ ಬುತ್ತಿ ಹಿಡಿದು ಕೆಲಸಕ್ಕೆ ಹೋದೆ. ಅವಳು ಮನೆಯಲ್ಲಿ ಅರ್ಜಿ ಬರೆಯುತ್ತಾ ಇರುತ್ತಿದ್ದಳು. ಆ ಹಾಳೆಯನ್ನು ಮತ್ತೆ ತುಂಬಿದೆ. ಈ ಸಲ ಊರು ಒಂದೊಂದಕ್ಕೂ ಪರದೆಯ ಮೇಲೆ ಬೆರಳಿಟ್ಟು, ಹೆಸರಿನ ಮೊದಲ ಅಕ್ಷರವನ್ನಾದರೂ ಹೊಂದಿಸಿ ನೋಡಿ ಇಳಿದೆ. ಹನ್ನೆರಡನೆಯದಕ್ಕೆ ‘ವರದಿ ಬಂದಿಲ್ಲ’. ಕೊನೆಯದಕ್ಕೆ ಹತ್ತೊಂಬತ್ತು. ಒಂದು ಗಂಟೆಯೂ ಹಿಡಿಯಲಿಲ್ಲ.

ಆದರೆ ಒಂದೇ ಹಾಳೆ ಎಂದು ತಂಗಿ ಹೇಳಿದ್ದು ಸುಳ್ಳು. ಅದಲ್ಲದೆ ಚೀಟಿಯಿಂದ ಹೋದ ಹಾಳೆಗಳು ಇನ್ನೂ ಹದಿನಾಲ್ಕು. ಖಾಲಿ ಉಳಿದ ಊರಿಗೆಲ್ಲ ಮತ್ತೆ ನೋಡದೆ ‘ವರದಿ ಬಂದಿಲ್ಲ’ ಒತ್ತಿದ್ದರಿಂದ, ಅವುಗಳಲ್ಲಿ ಎಷ್ಟರಲ್ಲಿ ಸಾಲು ಜಾರಿತ್ತೋ ನನಗೂ ಗೊತ್ತಿರಲಿಲ್ಲ. ಕಳಿಸಿದ ಹಾಳೆಯನ್ನು ನಾವು ಮತ್ತೆ ತೆರೆಯುವ ಹಾಗಿಲ್ಲ. ಇನ್ನೊಂದು ಹಳೆಯ ಪತ್ರಿಕೆ ಯಾರಿಗಾದರೂ ಸಿಗುವವರೆಗೆ ಅವು ಹಾಗೇ ಇರುತ್ತವೆ. ಮುಖ್ಯಸ್ಥರ ಫೋನು ಸದ್ದು ಮಾಡಿದಾಗಲೆಲ್ಲ ಅಂಕಿ ಒತ್ತುವುದನ್ನು ಬಿಟ್ಟು ಆ ಕಡೆ ಕಿವಿಗೊಡುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಬುತ್ತಿಯ ಅನ್ನವನ್ನು ಬಸ್ ನಿಲ್ದಾಣದ ನಾಯಿಗೆ ಹಾಕಿ ಮನೆಗೆ ಹೋಗುತ್ತಿದ್ದೆ. ಆ ಭಯ ತಂಗಿಗಾಗಿ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆಚ್ಚಿನದ್ದು ನನಗಾಗಿಯೇ.

ಹತ್ತನೆಯ ದಿನ ಬೆಳಿಗ್ಗೆ ಗಾರ್ಡ್ ಚೇಟ್ಟನ್ ನನ್ನನ್ನು ಪಕ್ಕಕ್ಕೆ ಕರೆದರು. ಮಗಳಿಗೆ ಸೀಟು ಸಿಕ್ಕಿತೆಂದು ಲಡ್ಡು ಕೊಟ್ಟರು. ಕಾಗದವನ್ನು ಆಫೀಸಿನವರು ತೆಗೆದುಕೊಂಡು ಹೋದರು, ತನ್ನಿಂದ ಮೋಳ್‌ಗೆ ತೊಂದರೆಯಾಯಿತೇನೋ ಎಂದು ಕಣ್ಣು ಒರೆಸಿಕೊಂಡರು. ಮೋಳ್ ಎಂದರೆ ನನ್ನ ತಂಗಿ, ಅವರ ಬಾಯಲ್ಲಿ ಮಗಳೇ. ಆಮೇಲೆ ಜೇಬಿನಿಂದ ಒಂದು ಹೊಸ ಕ್ಯಾಲೆಂಡರ್ ಹಾಳೆ ತೆಗೆದು, ಮೋಳ್ ಹತ್ತಿರ ಇನ್ನೊಂದು ಸಲ ಅದೇ ಮಂತ್ರ ಬರೆಸಿಕೊಂಡು ಬರುತ್ತೀರಾ ಎಂದು ಕೇಳಿದರು.

ಹಾಳೆಯ ಹಿಂಬದಿ ಖಾಲಿ ಇತ್ತು. ನನ್ನ ಕೈಯಲ್ಲಿ ಲಡ್ಡು ಇತ್ತು. ಆಗಲಿ ಎಂದು ಹೇಳಿ ಹಾಳೆ ತೆಗೆದುಕೊಂಡೆ. ಇಡೀ ದಿನ ಅದು ಅಂಗಿಯ ಜೇಬಿನಲ್ಲಿ ಚುಚ್ಚುತ್ತಿತ್ತು.

ಮರುದಿನ ಕೆಲಸಕ್ಕೆ ಹೋಗುವವನ ಹಾಗೆ ಬುತ್ತಿ ಹಿಡಿದು ಹೊರಟು, ವೈಟ್ಟಿಲದಲ್ಲಿ ತಿರುವನಂತಪುರದ ಬಸ್ಸು ಹತ್ತಿದೆ. ಇಳಿದ ಮೇಲೆ ಕಚೇರಿಯ ಕಡೆ ಹೋಗಲಿಲ್ಲ. ಚಾಲೈ ಬೀದಿಗೆ ನುಗ್ಗಿದೆ. ಈರುಳ್ಳಿ ಮೂಟೆಗಳ ನಡುವೆ, ಒಣಮೆಣಸಿನ ಘಾಟಿನಲ್ಲಿ, ತಲೆಹೊರೆಯವರು ದಾರಿ ಬಿಡಿ ಎಂದು ಬೈಯುತ್ತಿದ್ದ ಹಾಗೆ ಎರಡು ಸಲ ಈ ತುದಿಯಿಂದ ಆ ತುದಿಗೆ ನಡೆದೆ. ವಾಪಸು ಹೋಗುವ ಬಸ್ಸಿನ ಸಮಯವನ್ನೂ ಕೇಳಿಕೊಂಡೆ. ಮೂರನೆಯ ಸಲ ತಿರುಗಿದಾಗ ಒಬ್ಬ ಅಂಗಡಿಯವರು ಏನು ಬೇಕು ಎಂದು ಕೇಳಿದರು. ಏನೂ ಬೇಡ ಎಂದೆ. ಹಾಗಾದರೆ ಬಾಗಿಲಿಗೆ ಅಡ್ಡ ಯಾಕೆ ನಿಂತಿದ್ದೀರಿ ಎಂದರು. ಅಲ್ಲಿಂದ ನೇರ ಕಚೇರಿಗೆ ಹೋದೆ.

ವ್ಯವಸ್ಥಾಪಕರು ಇರಲಿಲ್ಲ. ಪರಿಶೀಲಕಿ ಇದ್ದರು. ಇನ್ನೂ ಹಾಳೆಗಳು ಇವೆ ಎಂದೆ. ಅವರು ಆಶ್ಚರ್ಯಪಡಲಿಲ್ಲ. ಪೆನ್ನು ಮುಂದೆ ದೂಡಿ, ನಂಬರ್ ಬರೆಯಿರಿ ಎಂದರು. ಕಾಗದಕ್ಕೆ ಅತ್ತಿತ್ತ ನೋಡುವಾಗ ಜೇಬಿನಲ್ಲಿದ್ದ ಕ್ಯಾಲೆಂಡರ್ ಹಾಳೆ ಕೈಗೆ ಬಂತು. ಅದರ ಹಿಂದೆ ಹದಿನಾಲ್ಕು ನಂಬರ್‌ಗಳನ್ನು ಮೇಲಿನಿಂದ ಕೆಳಕ್ಕೆ ಬರೆದೆ. ಕೈಗೆ ರೂಢಿಯ ಅಂಕಿಗಳೇ ಬಂದವು, ಕನ್ನಡದವು. ಅವರು ಡ್ರಾಯರಿನಿಂದ ಹಳೆಯ ಚೀಟಿ ತೆಗೆದು ಪಕ್ಕದಲ್ಲಿ ಇಟ್ಟರು. ಎರಡರಲ್ಲೂ ಏಳರ ಬಾಲ ಒಂದೇ ಥರ ಎಡಕ್ಕೆ ಎಳೆದಿತ್ತು.

"ಬರೆದದ್ದು ನಾನು," ಎಂದೆ. "ಕೊನೆಯ ಊರಿನ ಅಂಕಿ ನನಗೆ ಕಂಡಿತ್ತು. ಕಂಡೂ ಅಡ್ಡಗೆರೆ ಹಾಕಿದೆ. ತಂಗಿಗೆ ಗೊತ್ತಿರಲಿಲ್ಲ."

"ಬರೆದದ್ದು ನೀವು ಅಂತ ನನಗೆ ಅವತ್ತೇ ಗೊತ್ತಾಯ್ತು," ಎಂದರು. "ಚೀಟಿ ಓದ್ತಾ ಇದ್ದಾಗ ನಿಮ್ಮ ತುಟಿ ನನಗಿಂತ ಒಂದು ಅಂಕಿ ಮುಂದೆ ಹೋಗ್ತಾ ಇತ್ತು. ಆ ಹುಡುಗಿ ಕಾಗದ ನೋಡ್ತಾನೇ ಇರಲಿಲ್ಲ, ನಿಮ್ಮನ್ನ ನೋಡ್ತಾ ಇದ್ದಳು. ನೀವೇ ಹೇಳ್ತೀರಿ ಅಂತ ಕಾದೆ."

"ನೀವು ಯಾಕೆ ಹೇಳಲಿಲ್ಲ ಮೇಡಂ?"

"ನಾನು ಹೇಳಿದ್ದರೆ ಅವಳನ್ನೂ ಸುಳ್ಳಿ ಅಂದ ಹಾಗಾಗ್ತಿತ್ತು. ತಪ್ಪೋ ಸರಿಯೋ, ಸುಮ್ಮನಿದ್ದೆ."

ನನಗೆ ಒಂದೇ ಧೈರ್ಯದ ಮಾತು ಉಳಿದಿತ್ತು. ಗೆದ್ದವನು ಬದಲಾಗಿಲ್ಲವಲ್ಲ, ಮೊತ್ತ ಸರಿಯೇ ಇತ್ತಲ್ಲ ಎಂದೆ. ಅವರು ಕಂಪ್ಯೂಟರಿನಲ್ಲಿ ಆ ಹಾಳೆಯನ್ನು ತೆರೆದು ನನ್ನ ಕಡೆ ತಿರುಗಿಸಿದರು. ಯಾರು ಗೆದ್ದರು ಎಂಬುದು ಮೊದಲೇ ಎಲ್ಲರಿಗೂ ಗೊತ್ತಿದೆ, ಕೆಲಸ ಕೊಟ್ಟವರು ಹುಡುಕುತ್ತಿರುವುದು ಒಂದೊಂದು ಊರು ಏನು ಹೇಳಿತು ಎಂಬುದನ್ನು, ಅದಕ್ಕೇ ಇಷ್ಟೆಲ್ಲ ಕೆಲಸ ಎಂದರು. ಹನ್ನೆರಡನೆಯ ಸಾಲಿನ ಸಣ್ಣ ಅಕ್ಷರಗಳ ಮೇಲೆ ಪೆನ್ನಿಟ್ಟು ಕನ್ನಡದಲ್ಲಿ ಹೇಳಿದರು. ಹೊಳೆಯ ಮೇಲಿನ ಮಂಜುಗಡ್ಡೆ ಒಡೆದು ದಾಟಲಾಗದೆ ಈ ಊರಿನಲ್ಲಿ ಸಭೆ ಸೇರಲಿಲ್ಲ, ಎಂದು ಬರೆದಿತ್ತು. ದಾಟಲಾಗದೆ ಮನೆಯಲ್ಲಿ ಕುಳಿತವರಿಂದ ನಾನು ಮತ ಹಾಕಿಸಿದ್ದೆ. ನಡೆದು ಬಂದು ಮತ ಹಾಕಿದ ಹತ್ತೊಂಬತ್ತು ಜನರನ್ನು ಬಂದೇ ಇಲ್ಲ ಎಂದಿದ್ದೆ. ಮೂರು ತಿಂಗಳು ಅವರನ್ನು ಅಂಕಿ ಎಂದು ಒತ್ತಿದ ನನಗೆ, ಅವರು ಜನ ಎಂದು ಅನಿಸಿದ್ದು ಆ ಕುರ್ಚಿಯಲ್ಲಿ.

ಹದಿನಾಲ್ಕರಲ್ಲಿ ಮೂರು ಹಾಳೆಗಳು ಜಾರಿದ್ದವು. ನನ್ನನ್ನು ಅಂದೇ ತೆಗೆದರು. ತಂಗಿಯ ಕಡತದಲ್ಲಿ ಬರೆದಿದ್ದನ್ನು ತಿದ್ದಿದರು. ಆದರೆ ಚೀಟಿ ಬಳಸಿದ್ದು ಅವಳೂ ಹೌದು, ಸುಳ್ಳು ಹೇಳಿದ್ದೂ ಹೌದು. ಕೆಲಸ ವಾಪಸು ಕೊಡಲಿಲ್ಲ. ಅವಳಿಗೆಂದಿದ್ದ ಪರಿಶೀಲಕಿಯ ಜಾಗಕ್ಕೆ ಬೇರೊಬ್ಬರು ಬಂದಾಗಿತ್ತು.

ಆ ಸಂಜೆ ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ಹೇಳಿದ ಸುಳ್ಳನ್ನೂ ಹೇಳಿದೆ. ಅವಳು ಬುತ್ತಿ ತೆರೆದು, ಅನ್ನ ಹಾಗೇ ಇದ್ದದ್ದು ನೋಡಿ, ಮುಚ್ಚಿಟ್ಟಳು.

"ಹೇಳಿದ್ದು ಒಳ್ಳೇದಾಯ್ತು ಅಣ್ಣ," ಎಂದಳು. "ಆದರೆ ಹನ್ನೊಂದು ದಿವಸ ಎಂತಕ್ಕೆ ಬೇಕಾಯ್ತು?"

ಹೆದರಿಕೆ ಎಂದು ಇಲ್ಲಿ ಬರೆಯಬಹುದು. ಅವಳ ಮುಂದೆ ನಿಂತು ಹೇಳಿದರೆ ಅದು ಉತ್ತರವಾಗುವುದಿಲ್ಲ.

ಈಗ ಅವಳು ಪಾಲಾರಿವಟ್ಟಂನಲ್ಲೇ ಒಬ್ಬ ವಕೀಲರ ಕಚೇರಿಯಲ್ಲಿದ್ದಾಳೆ. ನಾನು ವೈಟ್ಟಿಲದ ಒಂದು ಪೈಪಿನ ಗೋದಾಮಿನಲ್ಲಿ. ಬೆಳಿಗ್ಗೆ ಇಬ್ಬರಿಗೂ ಬೇರೆ ಬೇರೆ ಬುತ್ತಿ ಅವಳೇ ಕಟ್ಟುತ್ತಾಳೆ. ಅದೇ ತಮಾಷೆ, ಅದೇ ಬೈಗುಳ, ಶಾನುಭೋಗರೇ ಹೊತ್ತಾಯ್ತು ಎಂಬ ಅದೇ ಕೂಗು. ನನ್ನ ಬುತ್ತಿಯನ್ನು ಕೊಡುವ ಮೊದಲು ಮಾತ್ರ ಮುಚ್ಚಳವನ್ನು ಒಮ್ಮೆ ತಿರುಗಿಸಿ ಒಳಗೆ ನೋಡುತ್ತಾಳೆ.